ಹತ್ತು ಮೀಟರಿನೊಳಗೆ

“ಒತ್ತಿದೆ,” ಎಂದಳು ಗಡಿಯಾರದಕ್ಕ.

ಏನೂ ಆಗಲಿಲ್ಲ.

“ಇನ್ನೊಂದ್ಸಲ ಒತ್ತಿದೆ. ಈಗ ಹಿಡ್ಕೊಂಡೇ ಇದೀನಿ.”

ಆಗಲೂ ಏನೂ ಆಗಲಿಲ್ಲ. ಮೂತಿ ಜಜ್ಜಿಹೋದ ಕಾರಿನೊಳಗಿಂದ ರೇಡಿಯೋ ಮೆಲ್ಲಗೆ ಮಾತಾಡುತ್ತಲೇ ಇತ್ತು. ಬಾಳೆಗಿಡಕ್ಕೆ ತಗಲುವ ರೋಗದ ಬಗ್ಗೆ ಯಾರೋ ಯಾರಿಗೋ ಬಹಳ ವಿನಯದಿಂದ ಹೇಳುತ್ತಿದ್ದರು. ಸ್ಟೀರಿಂಗಿನ ಅಂಚಿಗೆ ರಬ್ಬರ್ ಪಟ್ಟಿಯಿಂದ ಬಿಗಿದಿದ್ದ ಕರಿಯ ಬಟನ್ ಮಾತ್ರ, ಕೋಟಿನ ದೊಡ್ಡ ಗುಂಡಿಯಷ್ಟಗಲದ್ದು, ಅಕ್ಕನ ಹೆಬ್ಬೆರಳಿಗೂ ತನಗೂ ಸಂಬಂಧವಿಲ್ಲವೆಂಬಂತೆ ಕೂತಿತ್ತು.

ನಾಲ್ಕು ದಿನದ ಹಿಂದೆ, ಗುರುವಾರ ಮಧ್ಯಾಹ್ನ, ಇದೇ ರೇಡಿಯೋ ಇದ್ದಕ್ಕಿದ್ದಂತೆ ತಾರಕಕ್ಕೇರಿ, ಬೆಚ್ಚಿಬಿದ್ದ ಹಲ್ಲಿನ ಡಾಕ್ಟರು ತಿರುವಿನಲ್ಲಿ ಕಾರನ್ನು ನೀರಿನ ಟ್ಯಾಂಕಿನ ಗೋಡೆಗೆ ಗುದ್ದಿದ್ದರು. ಜೀವ ಉಳಿದಿದೆ. ಮೂವತ್ತು ವರ್ಷ ಊರವರ ಬಾಯಿ ತೆರೆಸಿದವರು ಈಗ ದವಡೆಗೆ ತಂತಿ ಕಟ್ಟಿಸಿಕೊಂಡು ಬಾಯಿ ಮುಚ್ಚಿ ಮಲಗಿದ್ದಾರೆ. ಚೀಟಿಯಲ್ಲಿ ಅವರು ಬರೆದುಕೊಟ್ಟದ್ದು ಇಷ್ಟೇ: “ನಾನು ಏನೂ ಮುಟ್ಟಲಿಲ್ಲ.”

“ಅಕ್ಕ, ಮೂರೂವರೆ,” ಎಂದ ಇನ್‌ಸ್ಪೆಕ್ಟರ್.

ಅವನು ಅವಳ ಒಡಹುಟ್ಟಿದ ತಮ್ಮ. ಅವನ ಕೈಗಡಿಯಾರ ರಿಪೇರಿ ಮಾಡಿಕೊಟ್ಟವಳು ಅವಳೇ. ಅದು ಸರಿಯಾಗಿ ನಡೆಯುತ್ತಿರುವುದಕ್ಕೆ ಇವತ್ತು ಮೊದಲ ಸಲ ಬೇಸರಪಟ್ಟಳು. ಠಾಣೆಯ ಹಿಂದಿನ ತಗಡಿನ ಶೆಡ್ಡು ಕಾದ ಕಾವಲಿಯಂತಿತ್ತು. ತಮ್ಮ ಅತ್ತಿಂದಿತ್ತ ಐದು ಹೆಜ್ಜೆ, ಇತ್ತಿಂದತ್ತ ಐದು ಹೆಜ್ಜೆ ಹಾಕುತ್ತಿದ್ದ.

“ಐದು ಗಂಟೆಗೆ ಇವನನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ.”

‘ಇವನು’ ಎಂದರೆ ಸ್ಟೂಲಿನ ಮೇಲೆ ಮುದುಡಿಕೊಂಡು ಕೂತಿದ್ದ ಕಾರು ಎಲೆಕ್ಟ್ರಿಷಿಯನ್. ಊರಿಗೆಲ್ಲ ಸಾಲ್ಡರಣ್ಣ. ಬೇರೆಯವರು ತಂತಿಗೆ ತಂತಿ ತಿರುಚಿ ಟೇಪು ಸುತ್ತಿ ಕೈತೊಳೆದುಕೊಂಡರೆ, ಇವನು ಪ್ರತಿಯೊಂದಕ್ಕೂ ಬೆಸುಗೆ ಹಾಕುವವನು. ಆ ಬಟನ್ ಕೂರಿಸಿದವನು ಇವನೇ ಆದ್ದರಿಂದ, ಗುರುವಾರದಿಂದ ಇವನ ಅಂಗಡಿಗೆ ಪೊಲೀಸ್ ಬೀಗ. ಕೋರ್ಟಿನ ಮೆಟ್ಟಿಲು ಒಂದು ಸಲ ಹತ್ತಿದನೆಂದರೆ ಇನ್ನು ಮುಂದೆ ಈ ಊರಿನಲ್ಲಿ ಯಾರೂ ಇವನ ಕೈಗೆ ಕಾರಿನ ಕೀ ಕೊಡುವುದಿಲ್ಲ. ಅದಕ್ಕೇ ಅಕ್ಕ ತಾನಾಗಿ ಬಂದು, ಆ ಬಟನ್ ನೋಡಿಯೇ ಹೋಗುತ್ತೇನೆಂದು ಹಟ ಹಿಡಿದಿದ್ದಳು.

“ಇದು ಹೇಗೆ ಕೆಲಸ ಮಾಡುತ್ತೆ ಅಂತ ನನಗೆ ಇನ್ನೊಂದ್ಸಲ ಹೇಳಪ್ಪ,” ಎಂದಳು ಅಕ್ಕ. “ಚಿಕ್ಕ ಮಕ್ಕಳಿಗೆ ಹೇಳೋ ಹಾಗೆ. ನಮ್ಮ ಇನ್‌ಸ್ಪೆಕ್ಟ್ರೂ ಇದಾರೆ.”

ಸಾಲ್ಡರಣ್ಣನ ಬೆನ್ನು ನೆಟ್ಟಗಾಯಿತು. ಕೆಲಸದ ಮಾತು ಬಂದರೆ ಅವನ ಬೆನ್ನು ಹಾಗೇ.

“ಡಾಕ್ಟ್ರ ಹೆಬ್ಬೆರಳು ಸವೆದೋಗಿತ್ತು ಅಕ್ಕ, ಹಲ್ಲು ಕಿತ್ತೂ ಕಿತ್ತೂ. ರೇಡಿಯೋ ತಿರುವೋಕೆ ಆಗ್ತಿರ್ಲಿಲ್ಲ. ಸ್ಟೀರಿಂಗಲ್ಲೇ ಏನಾದ್ರೂ ಮಾಡಿಕೊಡು ಅಂದ್ರು. ಈ ಬಟನ್ನಿಗೆ ತಂತಿ ಇಲ್ಲ. ಒಳಗೊಂದು ಸೆಲ್ಲು. ಒತ್ತಿದ್ರೆ ಗಾಳೀಲಿ ಸುದ್ದಿ ಕಳಿಸುತ್ತೆ. ರೇಡಿಯೋ ಹಿಂದೆ ಒಂದು ಡಬ್ಬಿ ಕೂರಿಸಿದೀನಿ, ಅದು ಕೇಳಿಸ್ಕೊಳ್ಳುತ್ತೆ. ಮೇಲ್ಗಡೆ ಒತ್ತಿದ್ರೆ ಸೌಂಡು ಜಾಸ್ತಿ, ಕೆಳಗಡೆ ಕಮ್ಮಿ. ಮೇಲ್ಗಡೆ ಒತ್ತಿ ಹಿಡಿದ್ರೆ ಏರುತ್ತೆ, ಏರುತ್ತೆ, ಏರ್ತಾನೇ ಹೋಗುತ್ತೆ.”

“ಎಷ್ಟು ದೂರದ ತನಕ ಕೇಳಿಸುತ್ತೆ ಆ ಡಬ್ಬಿಗೆ?”

“ಹತ್ತು ಮೀಟರು. ಅದರಾಚೆ ಕಿವುಡು.”

ಅಕ್ಕ ಬಟನ್ನಿನ ಬೆನ್ನು ಬಿಚ್ಚಿ, ಒಳಗಿದ್ದ ಬಿಲ್ಲೆಯಂಥ ಸೆಲ್ಲನ್ನು ಚಿಮ್ಮಟದಲ್ಲಿ ಎತ್ತಿದಳು. ಹಣೆಯ ಮೇಲಿದ್ದ ಭೂತಗನ್ನಡಿ ಕಣ್ಣಿಗೆ ಇಳಿಯಿತು. ಬಸ್ ನಿಲ್ದಾಣದೆದುರಿನ ಕಟ್ಟಡದ ಮೆಟ್ಟಿಲ ಕೆಳಗೆ ಅವಳ ಗಡಿಯಾರದಂಗಡಿ. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಇಂಥ ಸೆಲ್ಲುಗಳ ಜೊತೆಗೇ ಅವಳ ಸಂಸಾರ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಎರಡೂ ಕೈಯಲ್ಲಿ ಕೆಲಸವಿರುವ ಅಕ್ಕ ಮೊಣಕೈಯಿಂದಲೇ ಒತ್ತಿ ಸ್ಪೀಕರಿಗೆ ಹಾಕಿದಳು. ಯಾರದೇ ಫೋನು ಬರಲಿ, ಅವಳದು ಹಾಗೇ. ಮಾತು ಊರಿಗೆಲ್ಲ ಕೇಳಬೇಕು.

“ಲೇ, ಯಾವಾಗ ಬರ್ತೀಯೆ?” ಎಂದಿತು ಗಂಡನ ದನಿ. ಬಸ್ ನಿಲ್ದಾಣದಲ್ಲಿ ಟೈಂಕೀಪರ್ ಆಗಿದ್ದು ನಿವೃತ್ತರಾದ ಮನುಷ್ಯ. ಮನೆಯಲ್ಲೂ ಬೀದಿಯಲ್ಲೂ ಈಗಲೂ ಟೈಂಕೀಪರೇ. ಅಕ್ಕ ಇಲ್ಲದಾಗ ಅಂಗಡಿಯಲ್ಲಿ ಕೂರುವುದು ಅವರ ಕೆಲಸ. “ಎರಡು ಗಿರಾಕಿ ಬಂದಿದ್ರು. ಒಬ್ರಿಗೆ ಸೆಲ್ ಹಾಕ್ಕೊಟ್ಟೆ. ಗುರುತೂ ಹಾಕಿದೀನಿ ತಾಯಿ, ಬೈಬೇಡ.”

“ಪರವಾಗಿಲ್ವೇ! ಬುಧವಾರದ ಹಾಗೆ ನಿದ್ದೆ ಹೊಡೀತಿಲ್ಲ ತಾನೆ?”

ಬುಧವಾರ ಅಕ್ಕ ಕಣ್ಣಿನ ಆಸ್ಪತ್ರೆಗೆ ಹೋಗಿದ್ದಳು. ಇಡೀ ದಿನ ಅಂಗಡಿ ಅವರದೇ ಆಗಿತ್ತು.

“ಬುಧವಾರ... ಬುಧವಾರ ಒಂದು ನರಪಿಳ್ಳೆಯೂ ಬರ್ಲಿಲ್ಲ ಅಂದ್ನಲ್ಲ. ಮತ್ತೆ ಸ್ಪೀಕರಿಗೆ ಹಾಕಿದೀಯಾ? ನಮ್ಮನೆ ಮಾತು ಪೇಪರಿನಲ್ಲಿ ಹಾಕಿಸ್ಬಿಡು, ಸಲೀಸಾಗುತ್ತೆ,” ಎಂದು ಟೈಂಕೀಪರ್ ಫೋನಿಟ್ಟರು.

“ಏನಕ್ಕ ಅದು ಗುರುತು?” ಸಾಲ್ಡರಣ್ಣ ಕೇಳಿದ.

“ನಮ್ಮಪ್ಪ ಹಾಕಿಕೊಟ್ಟ ಅಭ್ಯಾಸ. ಎರಡು ತಿಂಗಳಿಗೇ ವಾಪಸ್ ಬಂದು ‘ಹಳೇ ಸೆಲ್ ಹಾಕಿದೀರಿ’ ಅಂತ ಜಗಳಕ್ಕೆ ನಿಲ್ತಾರಲ್ಲ, ಅದಕ್ಕೆ. ಸೆಲ್ಲಿನ ಬೆನ್ನ ಮೇಲೆ ಸೂಜೀಲಿ ತಾರೀಕು ಗೀರಿಬಿಡೋದು. ಗೀರದೆ ಒಂದು ಸೆಲ್ಲೂ ನಮ್ಮ ಅಂಗಡಿ ದಾಟಲ್ಲ.”

“ಭಾವ ಗೀರಿದ್ದನ್ನಂತೂ ಮಾರು ದೂರದಿಂದ ಹೇಳ್ಬಹುದು,” ಎಂದ ಇನ್‌ಸ್ಪೆಕ್ಟರ್, ನಡಿಗೆ ನಿಲ್ಲಿಸದೆ. “ಬಸ್ಸಿನ ರಿಜಿಸ್ಟರಿನ ಚಾಳಿ. ಏಳು ಬರೆದ್ರೆ ಅದರ ಸೊಂಟಕ್ಕೊಂದು ಅಡ್ಡಗೆರೆ, ಬೆಲ್ಟು ಕಟ್ಟಿದ ಹಾಗೆ. ಒಂದೋ ಏಳೋ ಅಂತ ಡ್ರೈವರುಗಳು ತಕರಾರು ತೆಗೀಬಾರ್ದು ನೋಡು.”

ಕೈಯಲ್ಲಿದ್ದ ಸೆಲ್ಲಿನ ಮೇಲೆ ಯಾವ ಗೀರೂ ಇರಲಿಲ್ಲ. ಸಾಲ್ಡರಣ್ಣನ ಚೀಲದಿಂದಲೇ ವೋಲ್ಟ್ ಮೀಟರು ತೆಗೆಸಿ, ಅದರ ಎರಡು ಕಡ್ಡಿಗಳನ್ನು ಮುಟ್ಟಿಸಿದಳು. ಮೂರು ತೋರಿಸಬೇಕಾದ ಮುಳ್ಳು ಒಂದರ ಹತ್ತಿರ ಸುಸ್ತಾಗಿ ನಿಂತಿತು.

“ಸತ್ತಿದೆ,” ಎಂದಳು. “ಇವತ್ತಲ್ಲ, ನಿನ್ನೆಯಲ್ಲ. ವಾರಗಳೇ ಆಗಿರ್ಬೇಕು.”

“ನಾನು ಹೇಳ್ಲಿಲ್ವಾ!” ಸಾಲ್ಡರಣ್ಣ ಎದ್ದೇಬಿಟ್ಟ, ಕಾನ್‌ಸ್ಟೇಬಲ್ ಅವನನ್ನು ಮತ್ತೆ ಕೂರಿಸಿದ. “ಬಟನ್ ಕೆಲಸ ಮಾಡ್ತಿಲ್ಲ, ಶುಕ್ರವಾರ ಬಂದು ನೋಡು ಅಂತ ಡಾಕ್ಟ್ರೇ ಹೇಳಿದ್ರು. ಗುರುವಾರವೇ ಹಿಂಗಾಯ್ತು. ಈ ಪ್ಯಾಕೆಟ್ಟಿನ ಜೊತೆ ಬರೋ ಸೆಲ್ಲುಗಳ ಹಣೆಬರಹವೇ ಅಷ್ಟು. ಬಳಸಿದ್ರೂ ಸರಿ, ಬಿಟ್ರೂ ಸರಿ, ಎರಡು ತಿಂಗಳಿಗೆ ಗೊಟಕ್. ನಾನಿದನ್ನ ಹಾಕಿ ನಾಲ್ಕು ತಿಂಗಳಾಯ್ತು.”

“ಸೆಲ್ಲುಗಳು?” ಅಕ್ಕ ತಲೆಯೆತ್ತಿದಳು. “ಎಷ್ಟು ಬರ್ತಾವೆ?”

“ಬಟನ್ನೇ ಎರಡು ಬರ್ತಾವೆ ಅಕ್ಕ. ಒಂದಕ್ಕೊಂದು ಸೆಲ್ಲು. ಎರಡಕ್ಕೂ ನಾನೇ ಡಬ್ಬಿಯ ಹತ್ತಿರ ಪರಿಚಯ ಮಾಡಿಸಿದ್ದೆ. ಡಾಕ್ಟ್ರು ಒಂದೇ ಸಾಕು ಅಂದ್ರು. ಇನ್ನೊಂದನ್ನ ಅದರ ಪೆಟ್ಟಿಗೇಲೇ ಇಟ್ಟು, ಮುಂದಿನ ಡ್ರಾಯರಲ್ಲಿ ಹಾಕಿದ್ದೆ.”

ಡ್ರಾಯರಿನಲ್ಲಿ ಪೆಟ್ಟಿಗೆ ಇತ್ತು. ಇದ್ದದ್ದು ಪೆಟ್ಟಿಗೆ ಮಾತ್ರ.

ಬಾಳೆಗಿಡದ ರೋಗಕ್ಕೆ ರೇಡಿಯೋದಲ್ಲಿ ಔಷಧ ಸಿಕ್ಕಿತ್ತು.

“ಅಂದ್ರೆ ಸ್ಟೀರಿಂಗಿನ ಮೇಲಿರೋದು ಒತ್ತಿಸ್ಕೊಂಡಿಲ್ಲ,” ಎಂದಳು ಅಕ್ಕ ನಿಧಾನವಾಗಿ. “ಅದರ ಜೋಡಿಯನ್ನ ಯಾರೋ ಎತ್ಕೊಂಡಿದಾರೆ. ಅದರ ಸೆಲ್ಲೂ ಸತ್ತಿತ್ತು, ಹೊಸದು ಹಾಕ್ಸಿದಾರೆ. ಗುರುವಾರ ಹತ್ತು ಮೀಟರಿನೊಳಗೆ ಇದ್ಕೊಂಡು, ತಿರುವಿನಲ್ಲಿ ಒತ್ತಿ ಹಿಡಿದಿದಾರೆ.”

“ಭೇಷ್,” ಎಂದ ತಮ್ಮ. “ಇಲ್ಲಿ ತನಕ ಇವನ ಮೇಲೆ ಇದ್ದದ್ದು ಬೇಜವಾಬ್ದಾರಿ ಅಂತ ಒಂದು ಸಣ್ಣ ಕೇಸು. ಈಗ ಕೊಲೆ ಪ್ರಯತ್ನ. ಎರಡನೇ ಬಟನ್ ಇದೆ ಅಂತ ಗೊತ್ತಿದ್ದವನು ಇವನೊಬ್ಬನೇ ಅಲ್ವಾ?”

ಸಾಲ್ಡರಣ್ಣ ಬಹಳ ಸಣ್ಣ ದನಿಯಲ್ಲಿ ಕೇಳಿದ:

“ಅಕ್ಕಾ, ನೀವು ನನ್ನ ಕಡೆಗೆ ಬಂದಿದ್ದಾ, ಅವರ ಕಡೆಗೆ ಬಂದಿದ್ದಾ?”

ಹೊರಗೆ ಅಂಗಳದಲ್ಲಿ ಒಂದು ಕಾರು ಮೂರು ಸಲ ಕುಪ್ಪಳಿಸಿ, ಕೆಮ್ಮಿ, ನಿಂತಿತು.

ತಲೆಯ ಮೇಲೆ ಹಳದಿ ಫಲಕ ಹೊತ್ತ ಡ್ರೈವಿಂಗ್ ಸ್ಕೂಲಿನ ಕಾರು. ಸ್ಟೀರಿಂಗಿನ ಮುಂದೆ ನಿವೃತ್ತ ಹೆಡ್‌ಮಿಸ್ ಒಬ್ಬರು. ಏಳು ತಿಂಗಳಿಂದ ಕಲಿಯುತ್ತಿದ್ದಾರೆ. ಕಾರು ಇನ್ನೂ ಅವರ ಮಾತು ಕೇಳುವ ಹಂತಕ್ಕೆ ಬಂದಿಲ್ಲ. ಪಕ್ಕದ ಸೀಟಿನಿಂದ ಇಳಿದವನು ಡ್ರೈವಿಂಗ್ ಮೇಷ್ಟ್ರು. ಡಾಕ್ಟರ ಹೆಂಡತಿಯ ತಮ್ಮ. ಗುರುವಾರ ಡಾಕ್ಟರ ಕಾರಿನ ಹಿಂದೆಯೇ ಇದ್ದು, ಗೋಡೆಗೆ ಗುದ್ದಿದ ತಕ್ಷಣ ಮೊದಲು ಓಡಿಬಂದವನು ಇವನೇ.

“ಭಾವನ ಕನ್ನಡಕ ಕಾರಲ್ಲೇ ಉಳಿದಿದೆಯಂತೆ, ನಮ್ಮಕ್ಕ ಕಳಿಸಿದ್ಲು,” ಎಂದ ಮೇಷ್ಟ್ರು. ಕೈಯಲ್ಲಿದ್ದ ಕೀ ಗೊಂಚಲನ್ನು ಬೆರಳಿಗೆ ಹಾಕಿಕೊಂಡು ತಿರುಗಿಸುತ್ತಲೇ ಇದ್ದ.

“ಕೊಡೋಣ,” ಎಂದಳು ಗಡಿಯಾರದಕ್ಕ. “ಅಷ್ಟರೊಳಗೆ ಒಂದು ಮಾತು. ಗುರುವಾರ ಡಾಕ್ಟ್ರ ಹಿಂದೆ ಎಷ್ಟು ದೂರದಲ್ಲಿದ್ರಿ?”

“ಮೂರು ಕಾರಿನಷ್ಟು ಅಂತರ. ನನ್ನ ಸ್ಕೂಲಲ್ಲಿ ಮೊದಲನೇ ಪಾಠವೇ ಅದು.”

“ಒಳ್ಳೇ ಪಾಠ. ಮೂರು ಕಾರು ಅಂದ್ರೆ ಹದಿಮೂರು ಮೀಟರ್ ಹತ್ರ ಹತ್ರ.” ಅಕ್ಕ ತಮ್ಮನ ಫೈಲಿಗೆ ಕೈಚಾಚಿದಳು. “ಆದ್ರೆ ಹೇಳಿಕೇಲಿ ಹೀಗೆ ಬರೆಸಿದೀರಿ: ‘ಭಾವನ ಎಡಗೈ ರೇಡಿಯೋ ಕಡೆ ಹೋಯಿತು, ಬೆರಳು ಮುಟ್ಟುವ ಮೊದಲೇ ಕಾರು ತಿರುಗಿತು.’ ಬೆರಳು ಮುಟ್ಟಲಿಲ್ಲ ಅನ್ನೋದು ಹದಿಮೂರು ಮೀಟರ್ ಹಿಂದಿನಿಂದ, ಎರಡು ಗಾಜು ದಾಟಿ ಕಾಣಿಸ್ತಾ? ನನ್ನ ಕಣ್ಣಿನ ಡಾಕ್ಟ್ರಿಗೆ ನಿಮ್ಮನ್ನ ತೋರಿಸ್ಬೇಕು.”

ಕೀ ಗೊಂಚಲು ತಿರುಗುವುದು ನಿಂತಿತು.

“ಸ್ವಲ್ಪ... ಸ್ವಲ್ಪ ಹತ್ರ ಇದ್ವಿ.”

“ಎಷ್ಟು ಹತ್ರ?”

“ಆಯಮ್ಮನಿಗೆ ಬ್ರೇಕು ಅಂದ್ರೆ ಆಗಲ್ಲ ಕಣ್ರೀ!” ಮೇಷ್ಟ್ರು ಸಿಡಿದ, ಮತ್ತೆ ಅಂಗಳದ ಕಡೆ ನೋಡಿ ದನಿ ತಗ್ಗಿಸಿದ. “ನಾನು ಒತ್ತಿ ಅಂದಷ್ಟೂ ‘ಕಾರಿಗೆ ನೋವಾಗುತ್ತೆ’ ಅಂತಾರೆ. ಭಾವನ ಕಾರಿನ ಬಾಲಕ್ಕೆ ಇನ್ನೇನು ಮೂಗು ತಾಗಬೇಕಿತ್ತು. ಇದನ್ನ ಪೊಲೀಸರ ಮುಂದೆ ಹೇಳಿದ್ರೆ ನನ್ನ ಸ್ಕೂಲಿನ ಗತಿ ಏನು?”

“ಸ್ಕೂಲಿನ ಗತಿ ಅಂದ್ರಲ್ಲ. ನಿಮ್ಮ ಸ್ಕೂಲು ಮುಚ್ಚಿಸಿ ಅಂತ ಸಾರಿಗೆ ಆಫೀಸಿಗೆ ಅರ್ಜಿ ಬರೆದಿರೋರು ಯಾರು?”

“ಭಾವ,” ಎಂದ ಮೇಷ್ಟ್ರು. “ಓಡ್ಸೋಕೆ ಬರದೇ ಇರೋರಿಗೆಲ್ಲ ಪಾಸು ಮಾಡಿಸ್ತೀನಂತೆ, ಅದರಲ್ಲಿ ಠಾಣೆಗೂ ಪಾಲು ಹೋಗುತ್ತಂತೆ. ಊರಿಗೆಲ್ಲ ಗೊತ್ತು. ಅದಕ್ಕೇನೀಗ? ಅರ್ಜಿ ಬರೆದೋರ ಕಾರನ್ನೆಲ್ಲ ಗೋಡೆಗೆ ಗುದ್ದಿಸೋಕಾಗುತ್ತಾ? ಆಮೇಲೂ ಮಾತಾಡಿಸ್ತಿದ್ದೆ. ಹೋದ ಸೋಮವಾರ ಅವರ ಕಾರು ತೊಳೆಸಿಕೊಟ್ಟವನೂ ನಾನೇ.”

“ಡ್ರಾಯರೂ ಒರೆಸಿದ್ರಾ?”

“ಏನು?”

“ಕೀ ಇಲ್ಲಿಡಿ. ಜೇಬಲ್ಲಿರೋದನ್ನೂ ಇಡಿ. ಕೈ ಎರಡೂ ಬಾನೆಟ್ ಮೇಲೆ. ಎಲ್ಲರೂ ಇಡ್ರಪ್ಪ; ಇನ್‌ಸ್ಪೆಕ್ಟ್ರೇ, ನೀವೂ. ಅನುಮಾನ ಎಲ್ಲರಿಗೂ ಒಂದೇ ರೇಟು.”

ಇನ್‌ಸ್ಪೆಕ್ಟರ್ ಏನೋ ಗೊಣಗಿ, ಇಟ್ಟ. ಜಜ್ಜಿದ ಬಾನೆಟ್ಟಿನ ಮೇಲೆ ಎಂಟು ಕೈ ಸಾಲಾದವು: ಮೇಷ್ಟ್ರದು, ಸಾಲ್ಡರಣ್ಣನದು, ಕಾನ್‌ಸ್ಟೇಬಲ್‌ದು, ತಮ್ಮನದು. ಮೇಷ್ಟ್ರ ಜೇಬಿನಿಂದ ಬಂದದ್ದು ಒಂದು ಬಾಚಣಿಗೆ, ಸೀಟಿ, ಪೆನ್ನು. ಕೀ ಗೊಂಚಲಿನಲ್ಲಿ ಕೀ ಬಿಟ್ಟರೆ ಬೇರೇನೂ ಇರಲಿಲ್ಲ.

“ಸಮಾಧಾನ ಆಯ್ತಾ?” ಎಂದ ಮೇಷ್ಟ್ರು. “ಹುಡುಕಿ. ಬೇಕಾದ್ರೆ ಷರ್ಟೂ ಬಿಚ್ತೀನಿ. ನನ್ನ ಹತ್ರ ಯಾವ ಬಟನ್ನೂ—”

“ಮುಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಣ ಹವೆ ಮುಂದುವರಿಯಲಿದೆ!” ಎಂದು ಕಾರು ಅಬ್ಬರಿಸಿತು.

ಕಾನ್‌ಸ್ಟೇಬಲ್ ಒಂದಡಿ ಮೇಲಕ್ಕೆ ಹಾರಿದ. ಶೆಡ್ಡಿನ ತಗಡು ಝಲ್ಲೆಂದಿತು. ಹವಾಮಾನ ಓದುತ್ತಿದ್ದ ಹೆಣ್ಣುಮಗಳ ದನಿ ಏರಿತು, ಏರಿತು, ಏರುತ್ತಲೇ ಹೋಯಿತು. ಗರಿಷ್ಠ ಉಷ್ಣಾಂಶವನ್ನು ಆಕೆ ಸಿಡಿಲಿನಂತೆ ಘೋಷಿಸಿದಳು.

ಬಾನೆಟ್ಟಿನ ಮೇಲೆ ಎಂಟು ಕೈಗಳೂ ಇದ್ದವು. ಒಂದು ಬೆರಳೂ ಅಲುಗಿರಲಿಲ್ಲ.

ಅಕ್ಕ ಮಾತ್ರ ಆಗಲೇ ಅಂಗಳದ ಕಡೆ ತಿರುಗಿದ್ದಳು. ಹಳದಿ ಫಲಕದ ಕಾರಿನ ತನಕ ಎಂಟು ಹೆಜ್ಜೆ. ಒಳಗೆ ಹೆಡ್‌ಮಿಸ್ ಬಿಸಿಲು ತಾಳಲಾರದೆ ಪಕ್ಕದ, ಮೇಷ್ಟ್ರ ಸೀಟಿಗೆ ಸರಿದು, ಬಗ್ಗಿ ಏನನ್ನೋ ತಡಕಾಡುತ್ತಿದ್ದರು.

“ಅಮ್ಮಾ, ಕೈ ತೆಗೀಬೇಡಿ! ಹಾಗೇ ಇರಿ!” ಅಕ್ಕ ಕೂಗಿದಳು.

ಹೆಡ್‌ಮಿಸ್ ಗಾಬರಿಯಾಗಿ ಕೈ ತೆಗೆದರು. ದನಿ ಏರುವುದು ನಿಂತಿತು, ಅಬ್ಬರ ನಿಲ್ಲಲಿಲ್ಲ. ಸಾಲ್ಡರಣ್ಣ ಹಾರಿ ತಂತಿ ಎಳೆದ ಮೇಲೆಯೇ ಶೆಡ್ಡಿಗೆ ಉಸಿರು ಬಂದದ್ದು.

“ಸೀಟು ಹಿಂದಕ್ಕೆ ತಳ್ಳೋ ಹಿಡಿ ಹುಡುಕ್ತಿದ್ದೆ ಅಷ್ಟೇ,” ಎಂದರು ಹೆಡ್‌ಮಿಸ್, ತಪ್ಪು ಮಾಡಿದ ಮಕ್ಕಳನ್ನು ನೂರು ಸಲ ಬಗ್ಗಿಸಿದ ದನಿಯಲ್ಲಿ. “ಇಲ್ಲೇನೋ ಗುಂಡಗೆ ಅಂಟಿಸಿದಾರೆ. ಅದು ಹಿಡಿ ಅಂದ್ಕೊಂಡೆ. ಇದೆಲ್ಲ ಮೊದಲನೇ ಪಾಠದಲ್ಲೇ ಹೇಳ್ಬೇಕಲ್ವಾ ಮೇಷ್ಟ್ರೇ?”

ಸೀಟಿನ ಅಂಚಿನ ಕೆಳಗೆ, ಕೂತವರ ಕೈ ಜಾರಿದರೆ ನೇರ ಮುಟ್ಟುವ ಕಡೆ, ಎರಡು ಕಡೆ ಅಂಟುವ ಟೇಪಿನಿಂದ ಅಂಟಿಸಿದ್ದ ಕರಿಯ ಬಟನ್.

“ನಂದಲ್ಲ,” ಎಂದ ಮೇಷ್ಟ್ರು. “ದೇವರಾಣೆ ನಂದಲ್ಲ. ಈ ಕಾರು ಸ್ಕೂಲಿನ ಮುಂದೆ ಬೀದೀಲಿ ನಿಂತಿರುತ್ತೆ. ಬಾಗಿಲಿನ ಬೀಗ ಕೆಟ್ಟು ವರ್ಷವಾಯ್ತು. ಯಾರು ಬೇಕಾದ್ರೂ... ನಾನು ಕೂತಾಗ ನನ್ನ ಕೈ ತಾಗಿ ಒತ್ತಿರ್ಬಹುದು. ಆದ್ರೆ ಅಂಟಿಸಿದ್ದು ನಾನಲ್ಲ!”

“ಅದನ್ನ ಇದೇ ಹೇಳುತ್ತೆ,” ಎಂದಳು ಅಕ್ಕ.

ಬಟನ್ನನ್ನು ಕರವಸ್ತ್ರದಲ್ಲಿ ಹಿಡಿದು ತಂದು ಶೆಡ್ಡಿನ ಮೇಜಿನ ಮೇಲಿಟ್ಟಳು. ಬೆನ್ನು ಬಿಚ್ಚಿದಳು. ಹೊಸ ಸೆಲ್ಲು ಕನ್ನಡಿಯಂತೆ ಹೊಳೆಯಿತು. ಸಾಲ್ಡರಣ್ಣನ ಕಣ್ಣು ಚಿಮ್ಮಟದ ತುದಿಗೆ ನೆಟ್ಟಿತ್ತು.

ಭೂತಗನ್ನಡಿ ಇಳಿಯಿತು.

ಎಷ್ಟು ಹೊತ್ತಾದರೂ ಮೇಲೇಳಲಿಲ್ಲ.

“ಏನಕ್ಕ?” ಎಂದ ಇನ್‌ಸ್ಪೆಕ್ಟರ್. “ಏನಾದ್ರೂ ಗುರುತಿದೆಯಾ?”

ಸೂಜಿಯಿಂದ ಗೀರಿದ ಎರಡು ಅಂಕಿ. 17. ಹದಿನೇಳನೇ ತಾರೀಕು, ಬುಧವಾರ. ಏಳರ ಸೊಂಟಕ್ಕೆ ಬೆಲ್ಟು ಕಟ್ಟಿತ್ತು.

ಒಂದು ನರಪಿಳ್ಳೆಯೂ ಬರಲಿಲ್ಲವೆಂದು ಸುಳ್ಳು ಹೇಳಲು ಗಂಡನಿಗೆ ಮನಸ್ಸು ಬಂದಿತ್ತು. ಗುರುತು ಹಾಕದೆ ಸೆಲ್ಲು ಕೊಡಲು ಮಾತ್ರ ಕೈ ಬಂದಿರಲಿಲ್ಲ. ಮೂವತ್ತೊಂದು ವರ್ಷ ಬಸ್ಸು ಬಂದ ಹೊತ್ತನ್ನು ಒಂದು ನಿಮಿಷ ತಪ್ಪದೆ ಬರೆದ ಕೈ ಅದು.

ಸೆಲ್ಲನ್ನು ಮಗುಚಿ ಹಾಕಿದರೆ ಮುಗಿಯಿತು. ಗೀರು ಕಾಣುವುದು ಅವಳ ಭೂತಗನ್ನಡಿಗೆ ಮಾತ್ರ. ಅಕ್ಕ ತಲೆಯೆತ್ತಿದಳು. ಸಾಲ್ಡರಣ್ಣ ಅವಳನ್ನೇ ನೋಡುತ್ತಿದ್ದ. ಅವಳ ಅಂಗಡಿಯ ಮೇಜಿಗೆ ದೀಪ ಹಾಕಿಕೊಟ್ಟವನು ಅವನು. ಹನ್ನೊಂದು ವರ್ಷವಾದರೂ ಅದರ ಬೆಸುಗೆ ಬಿಟ್ಟಿಲ್ಲ.

“ಇದೆ,” ಎಂದಳು. “ನಮ್ಮ ಅಂಗಡೀದು. ಬುಧವಾರದ್ದು.”

“ಭಾವ ಹಾಕಿದ್ದಾ?” ತಮ್ಮನ ದನಿ ಏನೂ ಏರಲಿಲ್ಲ, ಇಳಿಯಲಿಲ್ಲ.

ಅವಳು ಫೋನು ತೆಗೆದಳು. ಒಂದು ಕೈಯಲ್ಲಿ ಚಿಮ್ಮಟ, ಚಿಮ್ಮಟದಲ್ಲಿ ಸೆಲ್ಲು. ಹೆಬ್ಬೆರಳು ತಾನಾಗಿಯೇ ಸ್ಪೀಕರನ್ನು ಒತ್ತಿತು. ಒತ್ತಿದ ಮೇಲೆಯೇ ಅದು ಅವಳಿಗೆ ಗೊತ್ತಾದದ್ದು.

“ಹೇಳು,” ಎಂದರು ಟೈಂಕೀಪರ್.

“ಬುಧವಾರ ಯಾರಿಗ್ರೀ ಸೆಲ್ ಕೊಟ್ರಿ?”

ಅಂಗಡಿಯ ಗೋಡೆಯ ಮೇಲಿನ ಗಡಿಯಾರಗಳೆಲ್ಲ ಒಟ್ಟಿಗೆ ನಡೆಯುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು.

“ಸುಳ್ಳು ಹೇಳ್ಬೇಡಿ. ನಿಮ್ಮ ಏಳು ನನ್ನ ಕೈಯಲ್ಲಿದೆ.”

“ನಿನ್ನ ತಮ್ಮ ಪಕ್ಕದಲ್ಲಿದಾನಾ?”

“ಇದಾನೆ.”

“ಹಾಗಾದ್ರೆ ಫೋನಿಡು,” ಎಂದರು ಟೈಂಕೀಪರ್. “ಕೋರ್ಟಿನಲ್ಲಿ ಬೇಕಾದ್ರೂ ಹೇಳ್ತೀನಿ, ಬೀದೀಲಿ ನಿಂತು ಬೇಕಾದ್ರೂ ಹೇಳ್ತೀನಿ. ಅವನ ಮುಂದೆ ಮಾತ್ರ ಹೇಳಲ್ಲ ಕಣೇ. ಸೆಲ್ ತಗೊಂಡು, ಹೇಳ್ಬಾರ್ದು ಅಂತ ಮಾತೂ ತಗೊಂಡಿರೋನೇ ಅವ—”

ಇನ್‌ಸ್ಪೆಕ್ಟರ್ ಕೈಚಾಚಿ ಅಕ್ಕನ ಕೈಯಿಂದ ಫೋನು ತೆಗೆದುಕೊಂಡು, ಕರೆಯನ್ನು ಕತ್ತರಿಸಿದ. ಆಮೇಲೆ, ಅವಳ ಚಿಮ್ಮಟದ ತುದಿಯಿಂದ ಸೆಲ್ಲನ್ನು ಎರಡೇ ಬೆರಳಲ್ಲಿ, ಬಹಳ ಹುಷಾರಾಗಿ ಬಿಡಿಸಿಕೊಂಡ.

ಅದನ್ನು ತನ್ನ ಷರ್ಟಿನ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದ. ಕೈಗಡಿಯಾರ ನೋಡಿದ.

“ನಾಲ್ಕೂ ನಲವತ್ತು,” ಎಂದ. “ಸಾಲ್ಡರಣ್ಣನನ್ನೂ ಮೇಷ್ಟ್ರನ್ನೂ ಜೀಪು ಹತ್ತಿಸಿ. ಅಕ್ಕನನ್ನ ಮನೆಗೆ ಬಿಟ್ಟು ಬರೋದು ಬೇಡ. ಇಲ್ಲೇ ಇರ್ಲಿ.”